ದೀಪ ಹಚ್ಚಬಾರದ ದೇವರಗೂಡು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಪ್ಯೂಜಿನ್ ಎಂಬಾತನಿಗೆ ಆರು ಪುಟ ಕೊಟ್ಟು ‘ದೈವಭಕ್ತ, ಸಂಸಾರವಂದಿಗ, ಒಳಾಂಗಣ ವಿನ್ಯಾಸಕಾರ’ ಎಂದು ಹೊಗಳಿದ್ದೀರಿ. ಮೂರು ಮದುವೆಯಾಗಿ, ಎಂಟು ಮಕ್ಕಳನ್ನು ಹುಟ್ಟಿಸಿ, ಹಗಲೂ ರಾತ್ರಿ ದುಡಿದು, ತಲೆಕೆಟ್ಟು ನಲವತ್ತಕ್ಕೇ ಸತ್ತವನು ಎಂಥ ಸಂಸಾರಸ್ಥ? ಯಾರೋ ಕಟ್ಟಿದ ಕಟ್ಟಡಕ್ಕೆ ಕುರ್ಚಿ, ಪರದೆ, ಗೋಡೆ ಕಾಗದ ಒದಗಿಸಿದವನು ಅಷ್ಟು ದೊಡ್ಡವನೇ? ಬಸವಣ್ಣನ ನಾಡಿನವರಿಗೆ ಈ ಚರ್ಚುಗಳ ವೈಭವ ಯಾಕೆ? ಅಂದಹಾಗೆ, ನಮ್ಮ ಹೊಸ ಮನೆಗೂ ಮಗ ಇಂಟೀರಿಯರ್ ಮಾಡಿಸುತ್ತಿದ್ದಾನೆ. ದುಡ್ಡು ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ದೇವರ ಮನೆ ಸಮೇತ ಮುಗಿಸಿಕೊಡುತ್ತಾರೆ. ಅದರಲ್ಲಿ ಭಕ್ತಿಯ ಮಾತು ಎಲ್ಲಿಂದ ಬಂತು?” (ನಿವೃತ್ತ ಶಿಕ್ಷಕರು, ಹೊನ್ನಾಳಿ. ಹೆಸರು ಹಾಕಬೇಡಿ ಎಂದಿದ್ದಾರೆ.)

ಮೇಷ್ಟ್ರೇ,

ನಿಮ್ಮ ಪತ್ರ ಇನ್‌ಲ್ಯಾಂಡ್ ಹಾಳೆಯಲ್ಲಿ ಬಂದಿದೆ. ಅಂಟು ಹಚ್ಚುವ ಅಂಚನ್ನೂ ಬಿಡದೆ ಬರೆದಿದ್ದೀರಿ. ಕೊನೆಯ ಎರಡು ಸಾಲು ಓದಲು ಬ್ಲೇಡು ಹಿಡಿದು ಕೂರಬೇಕಾಯಿತು. ಇಷ್ಟು ಮುತುವರ್ಜಿಯಿಂದ ಬೈದವರಿಗೆ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಂಡರೆ ತಪ್ಪಾಗುತ್ತದೆ.

ಮೊದಲು ನೀವು ಹೇಳಿದ್ದರಲ್ಲಿ ಸರಿಯಿರುವುದು. ಪ್ಯೂಜಿನ್ ಬಾಯಿ ಬಿರುಸಿನ ಮನುಷ್ಯ. ತಾನು ನಂಬಿದ ಗೋಥಿಕ್ ಶೈಲಿ, ಅಂದರೆ ಮಧ್ಯಯುಗದ ಚರ್ಚುಗಳ ಮೊನಚು ಕಮಾನಿನ ಶೈಲಿ, ಬಿಟ್ಟರೆ ಮಿಕ್ಕಿದ್ದೆಲ್ಲ ಅವನ ಕಣ್ಣಿಗೆ ಪಾಷಂಡಿ. ಚರ್ಚಿನೊಳಗೆ ಪವಿತ್ರಸ್ಥಾನದ ಮುಂದೆ ಮರದ ತಡಿಕೆ ಇರಬೇಕೋ ಬೇಡವೋ ಎಂಬ ವಿಷಯಕ್ಕೆ, ಮುಂದೆ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಉನ್ನತ ಧರ್ಮಗುರು) ಆದ ನ್ಯೂಮನ್ ಅವರ ಬಳಗದೊಂದಿಗೇ ಜಗಳ ಕಾದ. ಅಂಥವನ ಪಕ್ಕದ ಮನೆಯಲ್ಲಿರುವುದು ನನಗೂ ಕಷ್ಟವೇ. ಇಷ್ಟನ್ನು ಒಪ್ಪಿದೆ.

ಆದರೆ “ಮೂರು ಮದುವೆ” ಎಂದು ನೀವು ಎಣಿಸಿದ ರೀತಿ ನನಗೆ ಹಿಡಿಸಲಿಲ್ಲ. ಮೂರು ಮದುವೆ ಅನ್ನುವಾಗ ಎರಡು ಸಾವನ್ನೂ ಎಣಿಸಬೇಕಲ್ಲವೇ? 1812ರಲ್ಲಿ ಹುಟ್ಟಿದವನು, ಹತ್ತೊಂಬತ್ತಕ್ಕೆ ಮದುವೆಯಾದ. 1832ರಲ್ಲಿ ಹೆಂಡತಿ ಆ್ಯನ್ ಹೆಣ್ಣುಮಗು ಹೆತ್ತು ತೀರಿಕೊಂಡಳು. ಅದೇ ವರ್ಷದ ಕೊನೆಗೆ ಅಪ್ಪ, ಮರುವರ್ಷ ಅಮ್ಮ. ಇಪ್ಪತ್ತೊಂದರ ಹುಡುಗ, ಕೈಯಲ್ಲೊಂದು ಕೂಸು. ಎರಡನೆಯವಳು ಲೂಯಿಸಾ. ಹನ್ನೊಂದು ವರ್ಷ ಅವಳೊಡನೆ ಸಂಸಾರ ಮಾಡಿದ, ಅವಳಿಗಾಗಿ, ಮಕ್ಕಳಿಗಾಗಿ ರ‍್ಯಾಮ್ಸ್‌ಗೇಟಿನ ಕಡಲ ದಂಡೆಯಲ್ಲಿ ಮನೆ ಕಟ್ಟಿಸಿದ. 1844ರ ಆಗಸ್ಟಿನಲ್ಲಿ ಒಳಗೆ ಕಾಲಿಟ್ಟರು; ಆ ತಿಂಗಳು ಮುಗಿಯುವುದರೊಳಗೆ ಲೂಯಿಸಾ ಹೋದಳು. ಮೇಷ್ಟ್ರೇ, ನಿಮ್ಮ ಮುತ್ತಜ್ಜನ ಕಾಲದ ವಂಶಾವಳಿ ಬಿಡಿಸಿ ನೋಡಿ. ಬಾಣಂತಿ ಸತ್ತು, ಕೂಸಿಗೋಸ್ಕರ ಮತ್ತೆ ಬಾಸಿಂಗ ಕಟ್ಟಿಕೊಂಡವರು ನಿಮ್ಮ ಮನೆಯಲ್ಲೂ ಇದ್ದಾರು. ಅವರನ್ನು ಸಂಸಾರಸ್ಥರಲ್ಲ ಅಂತೀರಾ?

ಆ ಮನೆಯನ್ನು ನೋಡಿದರೆ ಮನುಷ್ಯ ತಿಳಿಯುತ್ತಾನೆ. ಇಟ್ಟಿಗೆಯ ಮನೆ. ಮುಂದಿನಿಂದ ಚೆಂದ ಕಾಣಲಿ ಎಂದು ಕಿಟಕಿಗಳನ್ನು ಸಾಲಾಗಿ ಜೋಡಿಸಿಲ್ಲ. ಒಳಗೆ ಎಲ್ಲಿ ಬೆಳಕು ಬೇಕೋ ಅಲ್ಲಿ ಕಿಟಕಿ. ಸಮುದ್ರ ನೋಡಲು ಒಂದು ಗೋಪುರ. ಮನೆಯೊಳಗೇ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಬೆಳಗ್ಗೆ ಮತ್ತು ರಾತ್ರಿ ಮನೆಮಂದಿ, ಕೆಲಸದವರು, ಬಂದ ನೆಂಟರು ಎಲ್ಲರೂ ಅಲ್ಲಿ ಸೇರಬೇಕು. ಗೋಡೆ ಕಾಗದದ ಮೇಲೆ ಅವರ ಮನೆತನದ ಲಾಂಛನದ ಪುಟ್ಟ ಹಕ್ಕಿ, ಜೊತೆಗೆ “ಆನ್ ಅವಾಂ”, ಅಂದರೆ “ನಡೆ ಮುಂದೆ”, ಎಂಬ ಫ್ರೆಂಚ್ ಮಾತು. ಹಡಗು ಒಡೆದು ದಡ ಸೇರಿದ ನಾವಿಕರು ಬಂದರೆ ಅನ್ನ, ಬಟ್ಟೆ. ಕಿಸೆಗಳೇ ತುಂಬಿದ ನಾವಿಕರ ಕೋಟು ತೊಟ್ಟುಕೊಂಡೇ ಓಡಾಡುತ್ತಿದ್ದ, ಸ್ವಂತ ದೋಣಿಯಿಟ್ಟಿದ್ದ. ಕ್ರೈಸ್ತ ವಾಸ್ತುಶಿಲ್ಪ ಮತ್ತು ದೋಣಿ, ಇವೆರಡು ಬಿಟ್ಟರೆ ಬದುಕಲು ಯೋಗ್ಯವಾದದ್ದು ಬೇರೇನಿಲ್ಲ ಅಂತಿದ್ದನಂತೆ. ಪಕ್ಕದಲ್ಲೇ ಚಕಮಕಿ ಕಲ್ಲಿನ ಚರ್ಚೊಂದನ್ನು ತನ್ನ ಕೈದುಡ್ಡಿನಿಂದ ಕಟ್ಟಿಸಿದ. ಯಾವ ಶ್ರೀಮಂತನ ಹಂಗೂ ಇಲ್ಲ. ಅವನ ಸಮಾಧಿ ಇರುವುದೂ ಅಲ್ಲೇ. ಬಸವಣ್ಣನ ನಾಡಿನವರಿಗೆ ಈ ಕಥೆ ಯಾಕೆ ಅಂದಿರಿ. ದುಡಿದದ್ದನ್ನು ಹೀಗೆ ಸವೆಸಿದವನ ಕಥೆ ಬಸವಣ್ಣನ ನಾಡಿಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು?

ಈಗ ನನ್ನ ತಲೆಗೆ ಹತ್ತಿರುವ ಹುಚ್ಚಿನ ವಿಷಯಕ್ಕೆ ಬರುತ್ತೇನೆ. ಹಳೆಯ ಓದುಗರು ಪುಟ ತಿರುವಿಕೊಳ್ಳಬಹುದು.

ಪ್ಯೂಜಿನ್ ಹದಿನೈದನೆಯ ವಯಸ್ಸಿಗೇ ವಿಂಡ್ಸರ್ ಅರಮನೆಗೆ ಪೀಠೋಪಕರಣ ವಿನ್ಯಾಸ ಮಾಡಿದ ಹುಡುಗ. ಇನ್ನೊಬ್ಬನಾಗಿದ್ದರೆ ಅದನ್ನೇ ಸಾಯುವವರೆಗೆ ಹೇಳಿಕೊಂಡು ತಿರುಗುತ್ತಿದ್ದ. ಇವನು 1841ರಲ್ಲಿ ಪುಸ್ತಕ ಬರೆದು, ಆ ಕುರ್ಚಿ ಮೇಜುಗಳು ತಾನೇ ಎಸಗಿದ ಘೋರ ಅಪರಾಧಗಳು ಎಂದು ಅಚ್ಚು ಹಾಕಿಸಿದ. ಇಂಥ ಮೊನೆ ಮೊನೆ ಅಲಂಕಾರದ ಕೋಣೆಯೊಳಗೆ ಹೋದವನು ಮೈ ಗೀರಿಸಿಕೊಳ್ಳದೆ ಹೊರಬಂದರೆ ಅದೃಷ್ಟ ಎಂದು ಬೇರೆ ನಗೆಯಾಡಿದ. ಆ ಪುಸ್ತಕದ ತಿರುಳು ಇಷ್ಟೇ: ಕಟ್ಟಿದ್ದನ್ನು ಸಿಂಗರಿಸು, ಸಿಂಗಾರಕ್ಕೋಸ್ಕರ ಕಟ್ಟಬೇಡ. ಮರ ಮರದ ಹಾಗೆ, ಕಬ್ಬಿಣ ಕಬ್ಬಿಣದ ಹಾಗೆ ಕಾಣಬೇಕು. ಗೋಡೆ ಚಪ್ಪಟೆ, ಹಾಗಾಗಿ ಅದಕ್ಕಂಟಿಸುವ ಕಾಗದದ ಚಿತ್ರವೂ ಚಪ್ಪಟೆಯಾಗಿರಬೇಕು; ನೆರಳು ಬಿಡಿಸಿ ಉಬ್ಬಿದ ಕಮಾನಿನಂತೆ ತೋರಿಸುವುದು ಸುಳ್ಳು. ಮಸಿಕುಡಿಕೆಗೆ ಕೋಟೆಯ ಬುರುಜಿನ ವೇಷ ಹಾಕಿ ಮಾರುತ್ತಿದ್ದ ಕಾರ್ಖಾನೆಗಳನ್ನು ಗೇಲಿ ಮಾಡಿದ. ಅವನು ಮಾಡಿಸಿದ ಸಾದಾ ಮೇಜುಗಳಲ್ಲಿ ಮರದ ಬೆಸುಗೆ, ಬಡಿದ ಗೂಟದ ತಲೆ ಎಲ್ಲ ಎದುರಿಗೇ ಕಾಣುತ್ತವೆ. ಅವನ ಮಟ್ಟಿಗೆ ಇದು ರುಚಿಯ ಪ್ರಶ್ನೆ ಆಗಿರಲಿಲ್ಲ. ಬೆಳಗ್ಗೆ ದೇವರ ಮುಂದೆ ಮಂಡಿಯೂರಿ, ಮಧ್ಯಾಹ್ನ ಗಿರಾಕಿಗೆ ಗಾರೆಯನ್ನು ಕಲ್ಲೆಂದು ತೋರಿಸುವುದು ಅವನಿಂದಾಗದ ಕೆಲಸ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಆಚಾರ್ರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಹಲಸಿನ ಮರದ ದೇವರ ಮಂಟಪ ಮಾಡಿಕೊಟ್ಟರು. ಜಗಲಿಯ ಮೇಲೆ ಹದಿನೆಂಟು ದಿನ ಕೆಲಸ. ಮರದ ಹೊಟ್ಟಿನ ಹಳದಿ ನಮ್ಮ ಕಾಲಿಗೆಲ್ಲ. ಒಂದು ಮೊಳೆಯಿಲ್ಲ, ಹಲ್ಲು ಕೂರಿಸಿ, ಗೂಟ ಬಡಿದು ಜೋಡಿಸಿದ್ದು. ಹಲ್ಲಿನ ತುದಿ ಹೊರಗೆ ಒಂದಿಷ್ಟು ಕಾಣುತ್ತಿತ್ತು. ನಮ್ಮಪ್ಪ, “ಅದನ್ನೊಂಚೂರು ಲಪ್ಪ ಹಾಕಿ ಮುಚ್ಚಿಬಿಡಿ ಆಚಾರ್ರೇ” ಅಂದರು. ಆಚಾರ್ರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, “ಹಲ್ಲು ಕಂಡ್ರೆ ನಾಚ್ಕೆ ಯಾಕೆ ಸ್ವಾಮಿ? ಅದ್ರಲ್ಲೇ ಅಲ್ವಾ ಉಣ್ಣೋದು” ಅಂದು ಮತ್ತೆ ತೋಪಡ ಹಿಡಿದರು. ಎಂಟು ಮಕ್ಕಳಲ್ಲದಿದ್ದರೂ ಅವರಿಗೂ ಐದು. ಆಯುಧಪೂಜೆಯ ದಿನ ಉಳಿ, ಬಾಚಿ, ಕೊಡತಿಗಳಿಗೆ ಕುಂಕುಮವಿಟ್ಟು ಐವರನ್ನೂ ಸಾಲಾಗಿ ಅಡ್ಡಬೀಳಿಸುತ್ತಿದ್ದರು.

“ಯಾರೋ ಕಟ್ಟಿದ ಕಟ್ಟಡಕ್ಕೆ ಕುರ್ಚಿ ಒದಗಿಸಿದವನು” ಅಂದಿರಲ್ಲ, ಆ ಮಾತು ನನ್ನನ್ನು ಎರಡು ದಿನ ಕುಟುಕಿತು. ಲಂಡನ್ನಿನ ಹಳೆಯ ಸಂಸತ್ ಭವನ 1834ರ ಅಕ್ಟೋಬರ್ 16ರ ರಾತ್ರಿ ಸುಟ್ಟುಹೋಯಿತು. ಹಿಂದೆ ಸರ್ಕಾರದ ಲೆಕ್ಕವನ್ನು ಗೀರಿಟ್ಟುಕೊಳ್ಳುತ್ತಿದ್ದ ಹಳೆಯ ಮರದ ಕಡ್ಡಿಗಳನ್ನು ಒಲೆಗೆ ತುಂಬಿ ಉರಿಸಲು ಹೋಗಿ ಆದ ಅನಾಹುತ. ಹೊಸ ಭವನದ ಹೊಣೆ, ಹೆಸರು ಎರಡೂ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಯದು. ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದೆಲ್ಲ ಪ್ಯೂಜಿನ್‌ನದು. ಲಾರ್ಡ್ಸ್ ಸಭೆಯ ಚಿನ್ನ ಲೇಪಿಸಿದ ಸಿಂಹಾಸನ, ನೆಲದ ಹೆಂಚು, ಬಾಗಿಲ ಕೀಲು, ಮಸಿಕುಡಿಕೆ, ಕೊಡೆ ನಿಲ್ಲಿಸುವ ಗೂಡು. ಸಹಾಯಕರ ಪಡೆಯಿಲ್ಲ, ರ‍್ಯಾಮ್ಸ್‌ಗೇಟಿನ ಮನೆಯಲ್ಲಿ, ಮಕ್ಕಳ ಗಲಾಟೆಯ ನಡುವೆ, ಒಬ್ಬ ಶಿಷ್ಯನನ್ನು ಇಟ್ಟುಕೊಂಡು ಬಿಡಿಸಿದ್ದು. ಆ ಶಿಷ್ಯನೇ ಮುಂದೆ ಹಿರಿಮಗಳ ಗಂಡನಾದ. ಇದಕ್ಕೆಲ್ಲ ಅವನಿಗೆ ಗೊತ್ತುಮಾಡಿದ ಸಂಬಳ ವರ್ಷಕ್ಕೆ 200 ಪೌಂಡು. ನಾವು ಟೀವಿಯಲ್ಲಿ ಹೊಸ ವರ್ಷದ ರಾತ್ರಿ ನೋಡುವ ಆ ಗಡಿಯಾರದ ಗೋಪುರದ ವಿನ್ಯಾಸವೂ ಅವನು ಕೊನೆಗಾಲದಲ್ಲಿ ಬ್ಯಾರಿಗೆ ಮಾಡಿಕೊಟ್ಟದ್ದೇ. 1852ರ ಫೆಬ್ರವರಿಯಲ್ಲಿ ಬ್ಯಾರಿ ‘ಸರ್’ ಆದ. ಅದೇ ತಿಂಗಳು ಪ್ಯೂಜಿನ್‌ನ ಮನಸ್ಸು ಕುಸಿಯಿತು. 1867ರಲ್ಲಿ ಅವನ ಮಗ ಎಡ್ವರ್ಡ್, ಆ ಕಟ್ಟಡದ ಕಲೆ ಯಾರದ್ದು ಎಂದು ಕೇಳಿ ಕಿರುಪುಸ್ತಕ ಹೊರಡಿಸಬೇಕಾಯಿತು.

ನಮ್ಮಲ್ಲೂ ಇದೇ ಪಾಡು. ವಿಧಾನಸೌಧ ಅಂದರೆ ಕೆಂಗಲ್ ಹನುಮಂತಯ್ಯ ಎಂದು ಮಕ್ಕಳೂ ಹೇಳುತ್ತವೆ, ಹೇಳಲಿ. ಸಚಿವ ಸಂಪುಟದ ಕೊಠಡಿಗೆ ಗಂಧದ ಮರದ ಬಾಗಿಲು ಕೆತ್ತಿದವರ ಹೆಸರನ್ನು ನಿಮ್ಮ ಯಾವ ವಿದ್ಯಾರ್ಥಿ ಹೇಳಿಯಾನು? “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಮುಂದೆ ಕೆತ್ತಿಸಿದ್ದೇವೆ, ದೇವರ ಕೆಲಸ ಮಾಡಿದವರನ್ನು ಮರೆತಿದ್ದೇವೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಬ್ಬರೂ ತಮ್ಮ ಹೆಸರನ್ನು ಕಲ್ಲಲ್ಲೇ ಕೊರೆದಿಟ್ಟಿದ್ದಾರೆ. ಅಪ್ಪ ಮಗ ಕೂತು ಮಾಡಿದ ಕೆಲಸ ಅದು. ಬಳ್ಳಿಗಾವಿ ನಿಮ್ಮ ಜಿಲ್ಲೆಯ ಪಕ್ಕದ ಜಿಲ್ಲೆಯದೇ. ನಾವು ಮಾತ್ರ ದಂತಕಥೆಯ ಜಕಣಾಚಾರಿಯನ್ನೇ ಹಾಡಿ ಹೊಗಳುತ್ತೇವೆ. ಸಹಿ ಹಾಕಿದವನಿಗೆ ಸಾಕ್ಷಿ ಸಾಲದು, ಸಹಿಯೇ ಇಲ್ಲದವನಿಗೆ ಪ್ರಶಸ್ತಿ.

“ತಲೆಕೆಟ್ಟು ಸತ್ತ” ಎಂಬ ನಿಮ್ಮ ಮಾತಿಗೆ ಒಂದೇ ಉತ್ತರ, ಅವನ ಮೂರನೆಯ ಹೆಂಡತಿ ಜೇನ್. 1848ರಲ್ಲಿ ಮದುವೆಯಾದಾಗ, ಕೊನೆಗೂ ತನಗೊಬ್ಬಳು ಅಪ್ಪಟ ಗೋಥಿಕ್ ಹೆಂಗಸು ಸಿಕ್ಕಳು ಎಂದು ಗೆಳೆಯನಿಗೆ ಹಿಗ್ಗಿ ಬರೆದಿದ್ದ. ನಾಲ್ಕು ವರ್ಷ ಕಳೆಯುವುದರೊಳಗೆ ಅವನನ್ನು ಲಂಡನ್ನಿನ ಬೆಡ್ಲಂ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಹೊರತಂದು ತಾನೇ ಆರೈಕೆ ಮಾಡಿದವಳು ಜೇನ್. ಸೆಪ್ಟೆಂಬರಿನಲ್ಲಿ ಕಡಲ ದಂಡೆಯ ಮನೆಗೆ ಕರೆದುತಂದಳು. 14ನೇ ತಾರೀಖು ಅಲ್ಲೇ ಪ್ರಾಣ ಬಿಟ್ಟ. ಜೇನ್ ಮತ್ತೆ ಮದುವೆಯಾಗಲಿಲ್ಲ, 1909ರವರೆಗೆ ಬದುಕಿದ್ದಳು. ನಿಮ್ಮ ಪ್ರಶ್ನೆಯನ್ನು ಅವಳ ಮುಂದಿಟ್ಟಿದ್ದರೆ ಏನನ್ನುತ್ತಿದ್ದಳೋ.

ಇನ್ನು ನಿಮ್ಮ ಮಗನ ಇಂಟೀರಿಯರ್. ಬ್ಲೇಡಿನಿಂದ ಬಿಡಿಸಿ ಓದಿದ್ದು ಈ ಸಾಲನ್ನೇ.

ಮೂರು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ನಾನೂ ಒಂದು ಕಂಪನಿಯಿಂದ ಕೆಲಸ ಮಾಡಿಸಿದೆ. ಹೆಸರು ಬೇಡ. ಟ್ಯಾಬ್ ಹಿಡಿದು ಬಂದ ಹುಡುಗ ದೇವರಗೂಡಿಗೆ ಹನ್ನೆರಡು ಡಿಸೈನ್ ತೋರಿಸಿದ. ತೇಗದ ಬಣ್ಣ, ಮೆಷಿನ್ನಿನಲ್ಲಿ ಕೊರೆದ ಓಂಕಾರದ ಜಾಲರಿ, ಹಿಂದೆ ಎಲ್‌ಇಡಿ ಪಟ್ಟಿ. ನನ್ನ ಹೆಂಡತಿಗೆ ಮೆಚ್ಚುಗೆಯಾಯಿತು, ಸುಳ್ಳು ಯಾಕೆ, ನನಗೂ ಆಯಿತು. ಕಾರ್ತಿಕ ಮಾಸ ಬಂತು. ನಾಲ್ಕನೆಯ ದಿನಕ್ಕೆ ದೀಪದ ಶಾಖಕ್ಕೆ ಮೇಲಿನ ತೇಗದ ಹಾಳೆ ಸುರುಳಿ ಸುತ್ತಿಕೊಂಡು ಎದ್ದುನಿಂತಿತು. ಒಳಗೆ ಇದ್ದದ್ದು ಒತ್ತಿ ಮಾಡಿದ ಮರದ ಹಿಟ್ಟು. ಅಭಿಷೇಕದ ನೀರು ಕುಡಿದು ದೋಸೆ ಹಿಟ್ಟಿನ ಹಾಗೆ ಉಬ್ಬಿತ್ತು. ಫೋನ್ ಮಾಡಿದೆ. ಆ ಹುಡುಗ ಪಾಪ ತುಂಬಾ ವಿನಯದಿಂದ ಹೇಳಿದ: “ಸಾರ್, ಅದ್ರಲ್ಲಿ ದೀಪ ಹಚ್ಚಂಗಿಲ್ಲ. ಬ್ಯಾಟರಿ ದೀಪ ಇಡಬೇಕು. ವಾರಂಟಿ ಕಾರ್ಡಲ್ಲಿ ಬರ್ದಿದೀವಲ್ಲ.”

ಹೌದು, ಬರೆದಿದ್ದರು. ನಾನೇ ಓದಿರಲಿಲ್ಲ.

ಊರಿನ ಹಲಸಿನ ಮಂಟಪ ಈಗ ನನ್ನ ತಮ್ಮನ ಮನೆಯಲ್ಲಿದೆ. ನಲವತ್ತೈದು ವರ್ಷದ ಎಣ್ಣೆ ಜಿಡ್ಡಿಗೆ ಕಪ್ಪಗಾಗಿದೆ, ಹಲ್ಲುಗಳು ಹಾಗೇ ಕಾಣುತ್ತವೆ. ಕೊಡು ಎಂದು ಕೇಳಿದೆ, ಅವನು ಕೊಡಲಿಲ್ಲ.

ಮೇಷ್ಟ್ರೇ, ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಮಗನ ಕೈಯಲ್ಲಿ ಅವರನ್ನು ಒಂದು ಮಾತು ಕೇಳಿಸಿ: ದೇವರ ಮುಂದೆ ಎಣ್ಣೆ ದೀಪ ಹಚ್ಚಬಹುದಾ ಅಂತ. ಏನು ಹೇಳಿದರು ಎಂದು ನನಗೂ ಬರೆಯಿರಿ, ಪ್ರಕಟಿಸುತ್ತೇನೆ. ಈ ಸಲ ಅಂಚು ಬಿಟ್ಟು ಬರೆಯಿರಿ.

— ಸಂಪಾದಕ