ಮ್ಯಾನಿಫೋಲ್ಡ್ ಒಳಗೆ ಕನ್ನಡಿ ಬೇಡ, 80 ನಂಬರ್ ಎಮರಿ ಸಾಕು

ಪ್ರಶ್ನೆ: ಸರ್, ನನ್ನ ಹತ್ತಿರ ಹಳೆಯ ಕಾರ್ಬ್ಯುರೇಟರ್ ಮಾರುತಿ 800 ಇದೆ. ಹೆಡ್ ಕೆಲಸಕ್ಕೆ ಬಿಚ್ಚಿದಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಬೆರಳಾಡಿಸಿ ನೋಡಿದೆ, ಎಲ್ಲ ಕಡೆ ತರಿತರಿ. ಒಳಗೆ ಉಜ್ಜಿ ಕನ್ನಡಿ ಪಾಲಿಶ್ ಮಾಡಬೇಕು ಅಂತ ಆಸೆ. ಆನ್‌ಲೈನಲ್ಲಿ ಸಿಗುವ ಸಣ್ಣ ರೋಟರಿ ಟೂಲ್ ಸಾಕಾ, ಡೈ ಗ್ರೈಂಡರೇ ಬೇಕಾ? ಗೆಳೆಯನ ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಇದೆ. ಯಾವ ಕಲ್ಲು, ಯಾವ ಬಿಟ್ ತಗೊಳ್ಳಲಿ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಟೂಲ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ಕನ್ನಡಿ ಪಾಲಿಶ್ ಆಸೆ ಬಿಟ್ಟುಬಿಡಿ. ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ಕವಲು ಕೊಳವೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಅದರೊಳಗೆ ಹೋಗುವುದು ಬರೀ ಗಾಳಿಯಲ್ಲ, ಪೆಟ್ರೋಲ್ ಹನಿಗಳೂ ಜೊತೆಗೆ ಸಾಗಬೇಕು. ಗೋಡೆ ತೀರಾ ನುಣ್ಣಗಾದರೆ ಹನಿಗಳು ಅದಕ್ಕೆ ಅಂಟಿ, ಪದರವಾಗಿ ಹರಿದು, ದಪ್ಪ ಹನಿಯಾಗಿಯೇ ಸಿಲಿಂಡರ್ ಸೇರುತ್ತವೆ. ಎಂಜಿನ್ ತಣ್ಣಗಿರುವಾಗ ಈ ಕಾಟ ಜಾಸ್ತಿ. ಚಳಿಗಾಲದ ಬೆಳಗ್ಗೆ ಗಾಡಿ ಮುಗ್ಗರಿಸುತ್ತದೆ. ಸ್ವಲ್ಪ ತರಿ ಇದ್ದರೆ ಆ ಪದರ ಒಡೆದು ಪೆಟ್ರೋಲ್ ಮತ್ತೆ ಗಾಳಿಗೆ ಸೇರುತ್ತದೆ. ಹಾಗಾಗಿ 80 ನಂಬರ್ ಎಮರಿ (ಉಜ್ಜುವ ಮರಳು ಬಟ್ಟೆ) ಬಿಟ್ಟ ಗೆರೆಗಳು ಹಾಗೇ ಇರಲಿ. ಹೊಳಪು ಬೇಕೇ ಬೇಕು ಅಂದರೆ ಎಕ್ಸಾಸ್ಟ್ ಪೋರ್ಟ್‌ಗೆ ಕೊಡಿ, ಅಲ್ಲಿ ಮಸಿ ಕೂರುವುದು ಕಡಿಮೆಯಾಗುತ್ತದೆ. ಎಂಪಿಎಫ್‌ಐ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಇಂಜೆಕ್ಟರ್ ವಾಲ್ವ್ ಹತ್ತಿರವೇ ಪೆಟ್ರೋಲ್ ಚಿಮ್ಮಿಸುತ್ತದೆ, ಮ್ಯಾನಿಫೋಲ್ಡಿನಲ್ಲಿ ಹೋಗುವುದು ಗಾಳಿ ಮಾತ್ರ. ಅಲ್ಲಿ ಪಾಲಿಶ್ ಮಾಡಿದರೆ ನಷ್ಟವಿಲ್ಲ, ದೊಡ್ಡ ಲಾಭವೂ ಇಲ್ಲ.

ತರಿ ತೆಗೆದ ಮಾತ್ರಕ್ಕೆ ಪಿಕಪ್ ಸಿಕ್ಕಾಪಟ್ಟೆ ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಗಾಳಿಯನ್ನು ತಡೆಯುವುದು ಹೆಚ್ಚಾಗಿ ಕಾರ್ಬ್ಯುರೇಟರ್‌ನ ಗಂಟಲು ಮತ್ತು ವಾಲ್ವ್‌ಗಳು. ನೀವು ಕೈ ಹಾಕಬೇಕಾದ ಜಾಗ ಮ್ಯಾನಿಫೋಲ್ಡ್ ಮತ್ತು ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಕೂಡುವ ಕಡೆ. ಎರಕ ಹೊಯ್ಯುವಾಗ ಉಳಿದ ಏಣು ಅಲ್ಲಿರುತ್ತದೆ. ಎರಡೂ ತೂತುಗಳು ಒಂದಕ್ಕೊಂದು ಸರಿಯಾಗಿ ಕೂರದೆ ಮೆಟ್ಟಿಲು ಉಂಟಾಗಿರುತ್ತದೆ. ಒಳಗೆ ಬರುವ ಗಾಳಿಗೆ ಎದುರಾಗಿ ನಿಂತ ಮೆಟ್ಟಿಲು ಒಳ್ಳೆಯದಲ್ಲ. ಮ್ಯಾನಿಫೋಲ್ಡ್ ತೂತು ಹೆಡ್ಡಿನ ತೂತಿಗಿಂತ ಕೂದಲೆಳೆಯಷ್ಟು ಚಿಕ್ಕದಿದ್ದರೆ ತೊಂದರೆಯಿಲ್ಲ, ದೊಡ್ಡದಾಗಬಾರದು.

ಇನ್ನು ಮೆಷಿನ್. ಪಂಕ್ಚರ್ ಅಂಗಡಿಯ 1 ಎಚ್‌ಪಿ ಕಂಪ್ರೆಸರ್ ನಂಬಿಕೊಂಡು ಗಾಳಿಯ ಡೈ ಗ್ರೈಂಡರ್ ತಗೋಬೇಡಿ. ಟ್ಯೂಬಿಗೆ ಗಾಳಿ ಹಾಕಲು ಒತ್ತಡ ಇದ್ದರೆ ಸಾಕು. ಗ್ರೈಂಡರ್‌ಗೆ 90 ಪಿಎಸ್‌ಐ ಒತ್ತಡದ ಜೊತೆಗೆ ಬಿಡುವಿಲ್ಲದೆ ಗಾಳಿ ಬರುತ್ತಲೇ ಇರಬೇಕು. ಸ್ವಲ್ಪ ಹೊತ್ತು ಓಡಿಸಿ, ಟ್ಯಾಂಕ್ ತುಂಬಲಿ ಅಂತ ಕಾಯುತ್ತಾ ಕೂರಬೇಕಾಗುತ್ತದೆ. ಅಷ್ಟರಲ್ಲಿ ಗೆಳೆಯನ ಗಿರಾಕಿಗಳು ಬೈಯಲು ಶುರು ಮಾಡಿರುತ್ತಾರೆ.

ನಿಮಗೆ ಸರಿಹೊಂದುವುದು ಕರೆಂಟಿನ ಸ್ಟ್ರೇಟ್ ಗ್ರೈಂಡರ್. ಎರಡು ವಿಷಯ ನೋಡಿ ತಗೊಳ್ಳಿ: 6 ಮಿ.ಮೀ. ಕಾಲೆಟ್ (ಬಿಟ್‌ನ ಕಡ್ಡಿ ಹಿಡಿಯುವ ಬಾಯಿ) ಇರಬೇಕು, ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಡಯಲ್ ಇರಬೇಕು. ಡಯಲ್ ಇಲ್ಲದ್ದು ಎಷ್ಟು ಅಗ್ಗವಾದರೂ ಬೇಡ. ನೀವು ಕೇಳಿದ ಸಣ್ಣ ರೋಟರಿ ಟೂಲ್ ತೀರಾ ಕೆಲಸಕ್ಕೆ ಬಾರದ್ದೇನಲ್ಲ. ಅದರ ಕಾಲೆಟ್ 3 ಮಿ.ಮೀ. ಚಿಲ್ಲರೆ, ಒತ್ತಿದರೆ ಮೋಟರ್ ಮುಗ್ಗರಿಸುತ್ತದೆ, ಬೇಗ ಬಿಸಿಯಾಗುತ್ತದೆ. ಆದರೆ ಅಂಚಿನ ಏಣು ತೆಗೆಯಲು, ಸಂದಿಯಲ್ಲಿ ಕೈಯಾಡಿಸಲು ಅದರಷ್ಟು ಹಗುರವಾದ್ದು ಬೇರೆ ಇಲ್ಲ. ಈಗಾಗಲೇ ಮನೆಯಲ್ಲಿದ್ದರೆ ಬಳಸಿ, ಇದೊಂದಕ್ಕಾಗಿ ಕೊಳ್ಳಬೇಡಿ. ದಾವಣಗೆರೆ ದಂತ ವೈದ್ಯಕೀಯ ಕಾಲೇಜುಗಳ ಊರಾದ್ದರಿಂದ ಹಲ್ಲಿನ ಸೆಟ್ ಮಾಡುವ ಲ್ಯಾಬಿನ ಹಳೆಯ ಮೈಕ್ರೋಮೋಟರ್ ತಗೊಳ್ಳಲಾ ಅಂತ ಕೆಲವರು ಕೇಳುವುದುಂಟು. ಅದಕ್ಕೆ ಕೂರುವುದು 2.35 ಮಿ.ಮೀ. ಕಡ್ಡಿ, ಹಾರ್ಡ್‌ವೇರ್ ಅಂಗಡಿಯ ಬರ್ (ಲೋಹ ಕೊರೆಯುವ ಹಲ್ಲಿನ ಬಿಟ್) ಅದಕ್ಕೆ ಹೋಗುವುದಿಲ್ಲ.

ಕಲ್ಲು ಬೇಡವೇ ಬೇಡ. ಮ್ಯಾನಿಫೋಲ್ಡ್ ಅಲ್ಯೂಮಿನಿಯಂ. ಗ್ರೈಂಡಿಂಗ್ ಕಲ್ಲಿನ ರಂಧ್ರಗಳಿಗೆ ಅದು ಹಸಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕಲ್ಲು ಕೊರೆಯುವುದಿಲ್ಲ, ಬಿಸಿಯಾಗಿ ಒಡೆಯಲೂಬಹುದು. ತಗೊಳ್ಳಬೇಕಾದ್ದು ಕಾರ್ಬೈಡ್ ಬರ್, ಅದರಲ್ಲೂ ಅಲ್ಯೂಮಿನಿಯಂಗೆ ಅಂತಲೇ ಮಾಡಿದ್ದು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ: ಹಲ್ಲುಗಳು ಒಂದೇ ಕಡೆಗೆ ಓಡಿರಬೇಕು, ನಡುವೆ ಅಗಲವಾದ, ಆಳವಾದ ತೋಡು ಇರಬೇಕು. ಅಡ್ಡಡ್ಡ ಗೆರೆ ಬಿದ್ದು ಸಣ್ಣ ಸಣ್ಣ ಮುಳ್ಳಿನಂತೆ ಕಾಣುವುದು ಕಬ್ಬಿಣಕ್ಕೆ. ನೀವು ಬಿಡಿಸಿ ಕೇಳದಿದ್ದರೆ ಅಂಗಡಿಯವರು ಅದನ್ನೇ ಕೊಡುತ್ತಾರೆ, ಯಾಕೆಂದರೆ ಅದೇ ಜಾಸ್ತಿ ಖರ್ಚಾಗುವುದು. ತುದಿ ಗುಂಡಗಿರುವ, ಮೊಟ್ಟೆಯಾಕಾರದ ಒಂದು ಬರ್ ನಿಮ್ಮ ಕೆಲಸಕ್ಕೆ ಸಾಕು. ಚಪ್ಪಟೆ ತುದಿಯದ್ದು ಮೂಲೆಯಲ್ಲಿ ಕಚ್ಚಿ ಗೀರು ಹಾಕುತ್ತದೆ. ಹತ್ತು ಪೀಸಿನ ಸೆಟ್ ತಗೊಂಡರೆ ಎಂಟು ಡಬ್ಬಿಯಲ್ಲೇ ಉಳಿಯುತ್ತವೆ.

ಓಡಿಸುವಾಗ ಬರ್‌ಗೆ ಆಗಾಗ ಸೀಮೆಎಣ್ಣೆಯೋ ಡಬ್ಲ್ಯೂಡಿ-40ಯೋ ಸ್ವಲ್ಪ ಹಚ್ಚುತ್ತಿರಿ, ಪುಡಿ ಅಂಟುವುದಿಲ್ಲ. ಮೆಷಿನ್ ನಿಲ್ಲಿಸಿಯೇ ಹಚ್ಚಿ, ಹತ್ತಿರ ಬೀಡಿ, ಬೆಂಕಿ ಇರಬಾರದು. ಉದ್ದ ಕಡ್ಡಿಯ ಬರ್ ಬಗ್ಗೆ ಇನ್ನೂ ಎಚ್ಚರ ಬೇಕು. ಅದನ್ನು ಗಾಳಿಯಲ್ಲಿ ಫುಲ್ ಸ್ಪೀಡಿಗೆ ಬಿಟ್ಟರೆ ಕಡ್ಡಿ ಬಾಗಿ ಚಾಟಿಯಾಗುತ್ತದೆ. ಬರ್ ತಲೆಯನ್ನು ಪೋರ್ಟ್ (ತೂತು) ಒಳಗೆ ಇಟ್ಟ ಮೇಲೆಯೇ ಸ್ವಿಚ್ ಹಾಕಿ, ಡಯಲ್ ತೀರಾ ಕೆಳಗಿರಲಿ. ಪ್ಯಾಕೆಟ್ ಮೇಲೆ ಬರೆದ ಗರಿಷ್ಠ ಸ್ಪೀಡ್ ದಾಟಬೇಡಿ. ಕನ್ನಡಕ, ಮಾಸ್ಕ್ ಇರಲಿ. ಬಟ್ಟೆ ಕೈಗವಸು ಮಾತ್ರ ಬೇಡ, ತಿರುಗುವ ಕಡ್ಡಿ ಅದನ್ನು ಸುತ್ತಿಕೊಳ್ಳುತ್ತದೆ.

ಬರ್ ಕೆಲಸ ಅಂಚಿನಲ್ಲಿ ಮಾತ್ರ. ಒಳಗಿನ ತರಿಗೆ ಎಮರಿಯೇ ಸರಿ, ಅದಕ್ಕೆ ಮನೆಯ ಡ್ರಿಲ್ ಮೆಷಿನ್ ಸಾಕು. ಡ್ರಿಲ್‌ಗೆ ಬರ್ ಹಾಕಬೇಡಿ, ಅಷ್ಟು ಕಡಿಮೆ ಸ್ಪೀಡಿನಲ್ಲಿ ಅದು ಕುಣಿಯುತ್ತದೆ. ಒಂದು 6 ಮಿ.ಮೀ. ಕಬ್ಬಿಣದ ಕಡ್ಡಿ ತಗೊಂಡು ತುದಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಒಂದು ಇಂಚು ಸೀಳಿ. ಆ ಸೀಳಿಗೆ ಬಟ್ಟೆಯ ಎಮರಿಯ ಪಟ್ಟಿ ಸಿಕ್ಕಿಸಿ ನಾಲ್ಕೈದು ಸುತ್ತು ಸುತ್ತಿ. ಡ್ರಿಲ್ ತಿರುಗಿದಾಗ ಪಟ್ಟಿಯ ಬಾಲ ಹಿಂದೆ ಎಳೆದುಕೊಂಡು ಬರಬೇಕು, ಗೋಡೆಗೆ ಎದುರಾಗಿ ಚುಚ್ಚಬಾರದು. ಮೇಲಿನ ಸುತ್ತು ಸವೆದರೆ ಹರಿದು ಬಿಸಾಡಿ, ಕೆಳಗೆ ಹೊಸದು ಸಿದ್ಧವಾಗಿರುತ್ತದೆ. 60ರಿಂದ ಶುರು ಮಾಡಿ 80ಕ್ಕೆ ನಿಲ್ಲಿಸಿ. ಅಂಗಡಿಯ ಕಾರ್ಟ್ರಿಜ್ ರೋಲ್ ಕೂಡ ಇದೇ ಕೆಲಸ ಮಾಡುತ್ತದೆ, ದುಡ್ಡು ಬೇರೆ ಅಷ್ಟೆ.

ಎಲ್ಲಿಯವರೆಗೆ ಉಜ್ಜಬೇಕು ಅನ್ನುವುದನ್ನು ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವೆ ಕೂರುವ ಪ್ಯಾಕಿಂಗ್ (ಗ್ಯಾಸ್ಕೆಟ್) ಹೇಳುತ್ತದೆ. ಮ್ಯಾನಿಫೋಲ್ಡ್ ಮುಖಕ್ಕೆ ಮಾರ್ಕರ್‌ನಿಂದ ನೀಲಿ ಬಳಿಯಿರಿ. ಹೊಸ ಪ್ಯಾಕಿಂಗನ್ನು ಬೋಲ್ಟ್ ತೂತುಗಳಿಗೆ ಸರಿಯಾಗಿ ಕೂರಿಸಿ ಚೂಪಾದ ಮೊಳೆಯಿಂದ ಒಳಅಂಚು ಗೀಚಿ. ಪ್ಯಾಕಿಂಗ್ ತೂತು ಹೆಡ್ಡಿನ ತೂತಿಗಿಂತ ದೊಡ್ಡದಿದ್ದರೆ ಹೆಡ್ಡಿನದ್ದೇ ಲೆಕ್ಕ. ಗೀಚಿದ ಗೆರೆಗೆ ಸ್ವಲ್ಪ ಮುಂಚೆ ಬರ್ ನಿಲ್ಲಿಸಿ, ಉಳಿದದ್ದನ್ನು ಎಮರಿಯಿಂದ ತಂದು, ಒಳಕ್ಕೆ ಒಂದಿಂಚಿನಷ್ಟು ಇಳಿಜಾರಾಗಿ ಸೇರಿಸಿ. ಅದಕ್ಕಿಂತ ಒಳಗೆ ಕೊರೆಯುವ ಹುಮ್ಮಸ್ಸು ಬೇಡ. ಆ ಕಾಲದ ಕಾರ್ಬ್ಯುರೇಟರ್ ಮ್ಯಾನಿಫೋಲ್ಡ್‌ಗಳಲ್ಲಿ ಪೆಟ್ರೋಲ್ ಆವಿಯಾಗಲಿ ಅಂತ ಗೋಡೆಯ ಆಚೆ ಎಂಜಿನ್ನಿನ ಬಿಸಿ ನೀರು ಓಡುತ್ತಿರುತ್ತದೆ. ತೂತು ಬಿದ್ದರೆ ಆ ನೀರು ನೇರವಾಗಿ ಸಿಲಿಂಡರ್‌ಗೆ.

ಪ್ಯಾಕಿಂಗ್ ಕೂರುವ ಮುಖದ ಮೇಲೆ ಬರ್ ಒಮ್ಮೆ ಜಾರಿದರೆ ಸಾಕು, ಆ ಗೀರಿನಲ್ಲಿ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತದೆ. ಅಂಚಿಗೆ ಮೂರು ಪದರ ಟೇಪ್ ಸುತ್ತಿ ಕೆಲಸ ಮಾಡಿ. ಮುಗಿದ ಮೇಲೆ ಮುಖದ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.1 ಮಿ.ಮೀ. ಎಲೆ ಹೋದರೆ ಮುಖ ಸೊಟ್ಟಗಾಗಿದೆ ಅಂತ ಅರ್ಥ. ಅದನ್ನು ಮನೆಯಲ್ಲಿ ಅರ ಹಾಕಿ ಸರಿ ಮಾಡಲು ಹೋಗಬೇಡಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದರೂ ಅಲ್ಲಿ ತಯಾರಾದ ಲೇತುಗಳು ನಮ್ಮ ಕಡೆಯ ವರ್ಕ್‌ಶಾಪ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ಮಿಲ್ಲಿಂಗ್ ಮೆಷಿನ್ನೂ ಇರುವ ಕಡೆ ಕೊಟ್ಟರೆ ಮುಖ ಸಮ ಮಾಡಿಕೊಡುತ್ತಾರೆ.

ಕೊನೆಗೆ ತೊಳೆಯುವುದು, ಇದರಲ್ಲಿ ಮಾತ್ರ ಜಿಪುಣತನ ಬೇಡ. ಅಲ್ಯೂಮಿನಿಯಂ ಚೂರು, ಎಮರಿಯ ಮರಳು ಒಳಗೆ ಉಳಿದರೆ ಸಿಲಿಂಡರ್ ಗೋಡೆ ಗೀಚುತ್ತದೆ. ಬಿಸಿ ಸೋಪು ನೀರು, ಬಾಟಲ್ ತೊಳೆಯುವ ಉದ್ದ ಬ್ರಷ್, ಆಮೇಲೆ ಗೆಳೆಯನ ಕಂಪ್ರೆಸರ್ ಗಾಳಿ. ಅದು ಉಪಯೋಗಕ್ಕೆ ಬರುವುದು ಇಲ್ಲಿ! ಬಿಳಿ ಬಟ್ಟೆ ತೂರಿಸಿ ಎಳೆದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆಯಿರಿ.

ಪ್ರಶ್ನೆ: ನನ್ನ ಡೀಸೆಲ್ ಕಾರಿನ ಮ್ಯಾನಿಫೋಲ್ಡ್ ಒಳಗೆ ಡಾಂಬರಿನಂತಹ ಮಸಿ ಕಟ್ಟಿ ತೂತು ಅರ್ಧ ಮುಚ್ಚಿದೆ. ಬರ್ ಹಾಕಿ ಕೆರೆದು ಪಾಲಿಶ್ ಮಾಡಿಸಿದರೆ ಮತ್ತೆ ಕಟ್ಟುವುದಿಲ್ಲ ಅನ್ನುತ್ತಾರೆ, ನಿಜವಾ?
– ಓದುಗರು, ಚಿತ್ರದುರ್ಗ

ಉತ್ತರ: ಕಟ್ಟುತ್ತದೆ. ಇಜಿಆರ್ ವಾಲ್ವ್ ಸುಟ್ಟ ಹೊಗೆಯ ಒಂದು ಪಾಲನ್ನು ವಾಪಸ್ ಒಳಗೆ ಬಿಡುತ್ತದೆ. ಎಂಜಿನ್ನಿನ ಆಯಿಲ್ ಆವಿಯೂ ಅಲ್ಲಿಗೇ ಬರುತ್ತದೆ. ಎರಡೂ ಸೇರಿ ಆ ಜಿಡ್ಡು. ಗೋಡೆ ಎಷ್ಟು ನುಣುಪಾದರೂ ಅದು ಬರುವುದು ನಿಲ್ಲುವುದಿಲ್ಲ. ಬರ್ ಬದಲು ಮರದ ಚಕ್ಕೆ, ನೈಲಾನ್ ಬ್ರಷ್, ಕಾರ್ಬ್ ಕ್ಲೀನರ್ ಬಳಸಿ. ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿದರೆ ಅರ್ಧ ಕೆಲಸ ಆದಂತೆ. ಸೆನ್ಸರ್‌ಗಳನ್ನು ಮೊದಲೇ ಬಿಚ್ಚಿಡಿ. ಎಂಜಿನ್ ಬೋರಿಂಗ್ ಮಾಡುವ ಕಡೆ ಕಬ್ಬಿಣದ ಬ್ಲಾಕನ್ನು ಅದ್ದುವ ಕಾಸ್ಟಿಕ್ ಸೋಡಾ ತೊಟ್ಟಿಗೆ ಇದನ್ನು ಹಾಕಲು ಬಿಡಬೇಡಿ, ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಮಸಿ ಅಷ್ಟೊಂದು ಕಟ್ಟಿದೆ ಅಂದರೆ ಇಜಿಆರ್ ವಾಲ್ವ್ ಪೂರ್ತಿ ಮುಚ್ಚದೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿಸಿ.

ಪ್ರಶ್ನೆ: ಹೊಸ ಕಾರಿನ ಮ್ಯಾನಿಫೋಲ್ಡ್ ಪ್ಲಾಸ್ಟಿಕ್. ಒಳಗೆ ಬೆರಳಿಟ್ಟರೆ ಸಣ್ಣ ಕೆಂಪು ಧೂಳು ಹತ್ತುತ್ತದೆ. ಇದನ್ನೂ ಎಮರಿಯಿಂದ ನುಣುಪು ಮಾಡಬಹುದಾ?
– ಓದುಗರು, ಚಳ್ಳಕೆರೆ

ಉತ್ತರ: ಬೇಡ. ಅದು ಗಾಜಿನ ನಾರು ಸೇರಿಸಿದ ನೈಲಾನ್, ಅಚ್ಚಿನಿಂದ ಬರುವಾಗಲೇ ನುಣ್ಣಗಿರುತ್ತದೆ. ಉಜ್ಜಿದರೆ ನಾರು ಮೇಲೆದ್ದು ಇನ್ನೂ ತರಿಯಾಗುತ್ತದೆ, ಆ ಪುಡಿ ಎದೆಗೂ ಒಳ್ಳೆಯದಲ್ಲ. ನಿಮ್ಮ ಚಿಂತೆ ನುಣುಪಿನದಾಗಬಾರದು, ಆ ಕೆಂಪು ಧೂಳಿನದಾಗಬೇಕು. ಫಿಲ್ಟರ್ ದಾಟಿದ ಮೇಲೆ ಧೂಳು ಕಾಣಲೇಬಾರದು. ಫಿಲ್ಟರ್ ಡಬ್ಬಿಯ ಕ್ಲಿಪ್ ಒಂದು ಮುರಿದಿರಬಹುದು, ರಬ್ಬರ್ ಹೋಸ್ ಮಡಿಕೆಯಲ್ಲಿ ಸೀಳಿರಬಹುದು, ಅಥವಾ ಫಿಲ್ಟರ್ ಅಂಚು ಸರಿಯಾಗಿ ಕೂತಿಲ್ಲ. ಗಾಡಿ ವಾರಂಟಿಯಲ್ಲಿದ್ದರೆ ಮ್ಯಾನಿಫೋಲ್ಡ್ ಬಿಚ್ಚದೆ ಶೋರೂಮಿಗೇ ತೋರಿಸಿ.