ಕಲ್ಹಟ್ಟಿ ಘಾಟಿಯಲ್ಲಿ ಊಟಿಗೆ ಕಾರು ಹತ್ತಿಸಬಹುದೇ?

ಕಾರು ಕಲಿತು ವರ್ಷವಷ್ಟೇ ಆಗಿದೆ, ಮೇ ರಜೆಯಲ್ಲಿ ಮಸಿನಗುಡಿಯಿಂದ ಕಲ್ಹಟ್ಟಿ ದಾರಿ ಹಿಡಿದು ಊಟಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಹತ್ತಬಹುದು. ಇಳಿಯುವ ಮಾತು ಬೇಡ. ನೀಲಗಿರಿಯ ನೋಂದಣಿಯಿಲ್ಲದ ವಾಹನಗಳನ್ನು ಆ ಘಾಟಿಯಲ್ಲಿ ಕೆಳಗೆ ಬಿಡುವುದೂ ಇಲ್ಲ.

ಸುಮಾರು 30 ಕಿಲೋಮೀಟರಿನಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರುವ ರಸ್ತೆ ಅದು, 36 ಹೇರ್‌ಪಿನ್ ತಿರುವುಗಳು. ಮೊದಲ ಸಲ ನಾನು ಎರಡನೇ ಗೇರಿನಲ್ಲೇ ತಿರುವಿಗೆ ನುಗ್ಗಿದೆ. ನಡುವೆ ಕಾರು ನಡುಗಿ ನಿಂತುಹೋಯಿತು, ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ಜೀಪಿನವನು ಹಾರ್ನ್ ಒತ್ತಲಿಲ್ಲ. ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟು, 'ತಿರುವಿಗೆ ಮೊದಲೇ ಒಂದಕ್ಕೆ ಇಳಿಸಿ ಸ್ವಾಮಿ' ಎಂದ. ನನಗೆ ಅಷ್ಟು ಚೆನ್ನಾಗಿ ಯಾವ ಡ್ರೈವಿಂಗ್ ಶಾಲೆಯೂ ಕಲಿಸಿರಲಿಲ್ಲ. ಹಾಗಾಗಿ ತಿರುವಿನೊಳಗೆ ಗೇರ್ ಮುಟ್ಟಬೇಡಿ, ಎಸಿ ಆರಿಸಿ, ಮುಂದಿನ ವಾಹನ ತಿರುವು ಪೂರ್ತಿ ದಾಟುವವರೆಗೆ ಕೆಳಗೇ ಕಾಯಿರಿ. ಕಡಿದಾದ ರಸ್ತೆಯಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಎದುರಿನವನಿಗೆ ಅದು ಗೊತ್ತಿದೆ ಎಂದು ನಂಬಿ ಮಾತ್ರ ನುಗ್ಗಬೇಡಿ.

ಇಳಿಯುವುದಕ್ಕೆ ಏಕೆ ಇಷ್ಟು ಹೆದರಿಸುತ್ತಿದ್ದೇನೆ ಎಂದರೆ, ಬ್ರೇಕ್ ಒತ್ತಿಯೇ ಇಳಿದರೆ ಅದು ಬಿಸಿಯಾಗುತ್ತದೆ. ಕಾದ ಬ್ರೇಕಿನ ಹಿಡಿತ ಸಡಿಲಾಗುತ್ತದೆ, ಬ್ರೇಕಿನೊಳಗಿನ ದ್ರವ ಕುದಿದರೆ ಪೆಡಲ್ ಸುಮ್ಮನೆ ಒಳಗೆ ಹೋಗುತ್ತದೆ. ಮರಳುವಾಗ ಗುಡಲೂರು ಸುತ್ತಿ ಬರುತ್ತೀರಲ್ಲ, ಅದೂ ಘಾಟಿಯೇ. ಅಲ್ಲಿಯೂ ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ.

ನೀಲಗಿರಿಗೆ ವಾಹನ ಒಯ್ಯಲು ಬೇಕಾದ ಇ-ಪಾಸ್ ಮನೆಯಲ್ಲೇ ಮಾಡಿಸಿಕೊಳ್ಳಿ. 2024ರ ಮೇ ತಿಂಗಳಿಂದ ಅದು ಬೇಕೇ ಬೇಕು, ರಜೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ ಹಾಕಿದ್ದಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆದ ಕೂಡಲೇ ಹೊರಟರೆ ಘಾಟಿ ಖಾಲಿ ಸಿಗುತ್ತದೆ.

ಇನ್ನೊಂದು. ನನ್ನ ಕ್ಲಚ್ ಸುಟ್ಟ ವಾಸನೆ ಬಂದದ್ದು ಘಾಟಿಯಲ್ಲಲ್ಲ, ಊಟಿ ಊರೊಳಗಿನ ಏರಿನಲ್ಲಿ. ಸರೋವರಕ್ಕೆ ಹೋಗುವ ಸಾಲಿನಲ್ಲಿ ಒಂದೂವರೆ ಗಂಟೆ ಅರ್ಧ ಕ್ಲಚ್ಚಿನಲ್ಲಿ ತೆವಳಿದ್ದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವ ಬುದ್ಧಿ ಆಗ ಇರಲಿಲ್ಲ. ಈಗ ಕೋಣೆ ಕಾಯ್ದಿರಿಸುವ ಮೊದಲು ಕಾರು ನಿಲ್ಲಿಸಲು ಜಾಗವಿದೆಯೇ ಎಂದು ಕೇಳುತ್ತೇನೆ. ಅಲ್ಲಿ ಬಿಟ್ಟ ಕಾರನ್ನು ಮತ್ತೆ ತೆಗೆಯುವುದು ಊರಿಗೆ ಹೊರಡುವ ದಿನವೇ.