ಡ್ಯೂಟಿಗೂ ಮನೆಗೂ ಒಂದೇ ಸಣ್ಣ ಟ್ಯಾಕ್ಟಿಕಲ್ ಟಾರ್ಚ್ ಸಾಕೇ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ, ರಜೆ ಸಿಕ್ಕಿದರೆ ಕಾಸರಗೋಡು ಜಿಲ್ಲೆಯ ಪೆರ್ಲದ ಮನೆ, ಅಡಿಕೆ ತೋಟ. ಜೇಬಿನಲ್ಲಿ ಇಡುವಂಥ ಒಂದು ಟ್ಯಾಕ್ಟಿಕಲ್ ಟಾರ್ಚ್ (ಪೊಲೀಸರು, ಸೆಕ್ಯುರಿಟಿಯವರು ಬಳಸುವಂಥ ಗಟ್ಟಿ ಟಾರ್ಚ್) ಎರಡೂ ಕಡೆಗೆ ಆಗುತ್ತದಾ? ಆನ್‌ಲೈನಿನಲ್ಲಿ 900 ರೂಪಾಯಿಗೆ '10,000 ಲ್ಯೂಮೆನ್' (ಟಾರ್ಚ್ ಹೊರಹಾಕುವ ಒಟ್ಟು ಬೆಳಕಿನ ಅಳತೆ) ಸಿಗುವಾಗ, ನಾಲ್ಕು ಪಟ್ಟು ದುಡ್ಡು ಕೊಟ್ಟು 1,000 ಲ್ಯೂಮೆನ್‌ನದ್ದು ಯಾಕೆ ತೆಗೆದುಕೊಳ್ಳಬೇಕು?

ನಾನು ಬದಿಯಡ್ಕದ ಕಡೆ ವೈರಿಂಗ್, ಪಂಪ್ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಟಾರ್ಚ್ ಇಲ್ಲದೆ ನನ್ನ ಕೆಲಸ ನಡೆಯುವುದಿಲ್ಲ. ಒಂದೇ ಟಾರ್ಚ್ ಧಾರಾಳ ಸಾಕು. ಆದರೆ ಆ 900 ರೂಪಾಯಿಯದ್ದು ಬೇಡ.

ಲೆಕ್ಕ ಹಾಕಿ ನೋಡಿ. ಇಂಥ ಟಾರ್ಚಿನಲ್ಲಿ ಸಾಮಾನ್ಯವಾಗಿ ಇರುವುದು 18650 ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯ ಕಂಪೆನಿಯದ್ದಾದರೆ ಸುಮಾರು 3,500 ಎಂಎಎಚ್‌ವರೆಗೆ (ಸೆಲ್ಲಿನಲ್ಲಿ ತುಂಬುವ ಚಾರ್ಜಿನ ಅಳತೆ), ಎಂದರೆ ಹನ್ನೆರಡು-ಹದಿಮೂರು ವ್ಯಾಟ್-ಅವರ್. ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತದೆ ಅಂತ ಹಿಡಿದರೆ 1,000 ಲ್ಯೂಮೆನ್‌ಗೆ ಹತ್ತು ವ್ಯಾಟ್ ಬೇಕು, ಗಂಟೆ ಚಿಲ್ಲರೆಯಲ್ಲಿ ಸೆಲ್ ಖಾಲಿ. 10,000 ಲ್ಯೂಮೆನ್ ಅಂದರೆ ನೂರು ವ್ಯಾಟ್! ಅಷ್ಟು ಬಿಸಿಯನ್ನು ಆ ಚಿಕ್ಕ ಅಲ್ಯುಮಿನಿಯಂ ಕೊಳವೆ ತಡೆದುಕೊಳ್ಳುವುದುಂಟೇ? 18650 ಸೆಲ್ಲಿನ ಮೇಲೆ 9,900 ಎಂಎಎಚ್ ಅಂತ ಬರೆದದ್ದು ಕಂಡರೆ ಮುಂದೆ ಓದುವುದೇ ಬೇಡ.

ನಿಜವಾದ 1,000 ಲ್ಯೂಮೆನ್ ಟಾರ್ಚ್ ಕೂಡ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಅದು ದೋಷವಲ್ಲ, ಹಾಗೆಯೇ ಮಾಡಿರುತ್ತಾರೆ. ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಳತೆಯ ಕ್ರಮವೊಂದಿದೆ. ಅದರ ಪ್ರಕಾರ ಲ್ಯೂಮೆನ್ ಅಳೆಯುವುದು ಟಾರ್ಚ್ ಹಾಕಿದ ಮೊದಲ ಎರಡು ನಿಮಿಷದೊಳಗೆ. 'ಇಷ್ಟು ಗಂಟೆ ಉರಿಯುತ್ತದೆ' ಅನ್ನುವುದು ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವ ತನಕದ ಲೆಕ್ಕ. ಹಾಗಾಗಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಡಿ, ಹತ್ತು ನಿಮಿಷದ ನಂತರ ಎಷ್ಟು ಉಳಿಯುತ್ತದೆ ಅಂತ ನೋಡಿ. ಮುನ್ನೂರು-ನಾನೂರು ಸ್ಥಿರವಾಗಿ ನಿಂತರೆ ನಿಮ್ಮ ಡ್ಯೂಟಿಗೆ ಯಥೇಚ್ಛ. ಒಂದು ಕಾಲದಲ್ಲಿ ಅಮೆರಿಕದ ಪೊಲೀಸರು ಮೆಚ್ಚಿ ಹಿಡಿದ ಸ್ಯೂರ್‌ಫೈರ್ 6ಪಿ ಟಾರ್ಚ್ ಕೊಡುತ್ತಿದ್ದದ್ದು 65 ಲ್ಯೂಮೆನ್, ಅದೂ ಎಲ್‌ಇಡಿಯಲ್ಲಲ್ಲ, ಹಳೆಯ ತಂತಿಯ ಬಲ್ಬಿನಲ್ಲಿ.

ನನ್ನ ಕೇಳಿದರೆ ಟಾರ್ಚನ್ನು ಅದರ ಅತಿ ಕಡಿಮೆ ಬೆಳಕಿನಿಂದ ಅಳೆಯಬೇಕು. ಗೇಟಿನಲ್ಲಿ ರಿಜಿಸ್ಟರ್ ಬರೆಯಲು, ಲಾರಿಯ ನಂಬರ್ ನೋಡಲು, ಕರೆಂಟು ಹೋದಾಗ ಮಲಗಿದ ಮಕ್ಕಳನ್ನು ದಾಟಿ ಅಡುಗೆಮನೆಗೆ ಹೋಗಲು ಐದು ಲ್ಯೂಮೆನ್ ಸಾಕು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಮ್ಮೆಲೇ ಸಾವಿರ ಲ್ಯೂಮೆನ್ ಬಿಳಿ ಕಾಗದದಿಂದ ತಿರುಗಿ ಹೊಡೆದರೆ ಆಮೇಲೆ ಸುಮಾರು ಹೊತ್ತು ಕಾಂಪೌಂಡಿನ ಮೂಲೆಯಲ್ಲಿ ಯಾರು ನಿಂತಿದ್ದರೂ ಕಾಣದು. ಟ್ಯಾಕ್ಟಿಕಲ್ ಟಾರ್ಚಿನ ತಕರಾರು ಇರುವುದೇ ಇಲ್ಲಿ. ಹೆಚ್ಚಿನವು ಹಿಂದಿನ ಬಟನ್ ಒತ್ತಿದ ಕೂಡಲೇ ಪೂರ್ತಿ ಬೆಳಕಿನಲ್ಲೇ ಹೊತ್ತುತ್ತವೆ. ಆದ್ದರಿಂದ ಹಿಂದಿನ ಬಟನ್ ಪೂರ್ತಿ ಬೆಳಕಿಗೆ, ಪಕ್ಕದ ಬಟನ್ ಕಡಿಮೆ ಬೆಳಕಿಗೆ ಇರುವಂಥದ್ದು, ಇಲ್ಲವೇ ಕಡಿಮೆಯಿಂದಲೇ ಶುರುವಾಗುವಂತೆ ಹೊಂದಿಸಲು ಬರುವಂಥದ್ದು ಹುಡುಕಿ. ಹಿಂದಿನ ಬಟನ್ ಅರ್ಧ ಒತ್ತಿದರೆ ಹೊತ್ತಿ, ಬಿಟ್ಟರೆ ಆರುವಂತಿರಲಿ. ಪಾಳಿಯಲ್ಲಿ ಅದರ ಉಪಯೋಗ ನಿಮಗೇ ಗೊತ್ತಾಗುತ್ತದೆ.

ಸ್ಟ್ರೋಬ್, ಅಂದರೆ ಪಟಪಟ ಮಿನುಗುವ ಬೆಳಕಿನ ಬಗ್ಗೆ ಜಾಹೀರಾತಿನವರು ಹೇಳುವಷ್ಟೇನೂ ಇಲ್ಲ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಆನೆ ಇಳಿಯುವ ಊರುಗಳಲ್ಲಂತೂ ಅದನ್ನು ಆನೆಯ ಮುಖಕ್ಕೆ ಪಟಪಟ ಹೊಡೆಯುವ ಸಾಹಸ ಬೇಡವೇ ಬೇಡ. ಅಲ್ಲಿ ಬೇಕಾದದ್ದು ದೂರದಿಂದಲೇ ಕಂಡು ಹಿಂದೆ ಸರಿಯಲು ಆಗುವಷ್ಟು ದೂರ ಹೋಗುವ ಬೆಳಕು. ಅದಕ್ಕೆ ಲ್ಯೂಮೆನ್ ಅಲ್ಲ, ಕ್ಯಾಂಡೆಲಾ (ಕಿರಣ ಒಂದು ದಿಕ್ಕಿನಲ್ಲಿ ಎಷ್ಟು ಪ್ರಖರ ಅನ್ನುವ ಅಳತೆ) ನೋಡಬೇಕು. ಕ್ಯಾಂಡೆಲಾದ ವರ್ಗಮೂಲದ ಎರಡು ಪಟ್ಟು ಅಂದರೆ ಕಂಪೆನಿಯವರು ಬರೆಯುವ ಮೀಟರ್. 10,000 ಕ್ಯಾಂಡೆಲಾ ಆದರೆ 200 ಮೀಟರ್. ಆದರೆ ಆ 200 ಮೀಟರಿನ ತುದಿಯಲ್ಲಿ ಇರುವುದು ಹುಣ್ಣಿಮೆಯ ಬೆಳದಿಂಗಳಷ್ಟೇ ಬೆಳಕು, ಕಾಲು ಲಕ್ಸ್. ಮನುಷ್ಯನೋ ಹಂದಿಯೋ ಅಂತ ಖಚಿತವಾಗಿ ಗುರುತಿಸಲು ಅದರ ಕಾಲು ಭಾಗ, 50 ಮೀಟರ್ ಅಂತ ನಂಬಿಕೊಳ್ಳಿ.

ದೂರ ಹೋಗುವ ಬೆಳಕು ಎಲ್ಲ ಕಡೆಗೂ ಒಳ್ಳೆಯದಲ್ಲ. ನಿಮ್ಮಲ್ಲಿ ಸುರಂಗದ ನೀರು ಇದ್ದರೆ ಗೊತ್ತಿರುತ್ತದೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬನೇ ನುಸುಳುವಷ್ಟು ಅಗಲದ ದಾರಿ. ಚೂಪಾದ ಕಿರಣದ ಟಾರ್ಚ್ ಒಳಗೆ ಹಿಡಿದರೆ ಎದುರಿನ ಒದ್ದೆ ಗೋಡೆಯ ಮೇಲೆ ಒಂದು ಬಿಳಿ ಬೊಟ್ಟು ಮಾತ್ರ. ಕಾಲಡಿಯ ಕೆಸರು, ತಲೆಯ ಮೇಲೆ ಸಡಿಲವಾದ ಕಲ್ಲು, ಬದಿಯಲ್ಲಿ ಸುತ್ತಿಕೊಂಡ ಹಾವು ಯಾವುದೂ ಕಾಣುವುದಿಲ್ಲ. ಅಲ್ಲಿಗೆ ಅಗಲವಾಗಿ ಹರಡುವ ಮೆಲು ಬೆಳಕೇ ಆಗಬೇಕು. ಇನ್ನೊಂದು ಮಾತು, ಇದಕ್ಕೆ ಯಾವ ಬೆಲೆಯ ಟಾರ್ಚೂ ಉತ್ತರವಲ್ಲ. ಹಿಂದಿನವರು ಸುರಂಗಕ್ಕೆ ಉರಿಯುವ ದೀಪ ಹಿಡಿದು ಹೋಗುತ್ತಿದ್ದರು. ಜ್ವಾಲೆ ಕುಗ್ಗಿದರೆ ಒಳಗೆ ಗಾಳಿ ಸಾಲದು ಅಂತ ತಿಳಿದು ಹಿಂದೆ ಬರುತ್ತಿದ್ದರು. ಎಲ್‌ಇಡಿ ಮಾತ್ರ ಗಾಳಿ ಇದ್ದರೂ ಇಲ್ಲದಿದ್ದರೂ ಚೆಂದಕ್ಕೆ ಉರಿಯುತ್ತಲೇ ಇರುತ್ತದೆ.

ನನ್ನ ಕೆಲಸದ ಕಡೆಯಿಂದ ಎರಡು ಸಂಗತಿ. ಬೆಳಕಿನ ಬಣ್ಣ ಬಹಳ ಮುಖ್ಯ. ನೀಲಿ ಕಡೆ ವಾಲುವ, ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದಕ್ಕೆ ನೂರರೊಳಗಿನ ಅಂಕ) 70ರ ಟಾರ್ಚಿನಲ್ಲಿ ಹಳೆಯ ಮನೆಯ ಮಾಸಿದ ಕೆಂಪು ವಯರೂ ಕಂದು ವಯರೂ ಒಂದೇ ಹಾಗೆ ಕಾಣುತ್ತವೆ. ಸಿಆರ್‌ಐ 90ರ ಮೇಲೆ, 4,000-5,000 ಕೆಲ್ವಿನ್‌ನದ್ದು (ತೀರಾ ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಿಳಿ) ಆದರೆ ಗೊಂದಲ ಕಮ್ಮಿ. ಬೆಳಕು ತುಸು ಕಡಿಮೆ ಆಗುತ್ತದೆ, ಆಗಲಿ. ಮತ್ತೆ, ಅಗ್ಗದ ಟಾರ್ಚುಗಳು ಬೆಳಕು ತಗ್ಗಿಸುವುದು ಬೇಗ ಬೇಗ ಆರಿಸಿ ಹೊತ್ತಿಸಿ. ಆ ಮಿನುಗಿನಲ್ಲಿ ತಿರುಗುತ್ತಿರುವ ಪಂಪಿನ ಶಾಫ್ಟ್ ನಿಂತ ಹಾಗೆ ಕಾಣಬಹುದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಪಟ್ಟೆ ಪಟ್ಟೆ ಕಂಡರೆ ಬೇಡ. ತೆರೆದ ಮೀಟರ್ ಬೋರ್ಡಿನ ಹತ್ತಿರ ಲೋಹದ ಟಾರ್ಚ್ ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಯಾರಿಗೂ ಬೇಡ.

ನೀರಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಐಪಿಎಕ್ಸ್ ಅನ್ನುವುದು ನೀರು ತಡೆಯುವ ಮಟ್ಟದ ಗುರುತು. ಐಪಿಎಕ್ಸ್4 ಅಂದರೆ ಹನಿ ಸಿಡಿದರೆ ತಡೆಯುತ್ತದೆ ಅಂತ ಮಾತ್ರ. ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಏಳೋ ಎಂಟೋ ಇರಲಿ, ರಬ್ಬರ್ ರಿಂಗಿಗೆ ಆಗಾಗ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ.

ಸೆಲ್ ಹೊರಗೆ ತೆಗೆಯಲು ಬರುವಂಥದ್ದನ್ನೇ ಕೊಳ್ಳಿ. ಒಳಗೇ ಸೀಲ್ ಆಗಿದ್ದರೆ ಸೆಲ್ ಸತ್ತ ದಿನ ಟಾರ್ಚೂ ಸತ್ತಿತು. ಪಾಳಿಯಲ್ಲಿ ಇನ್ನೊಂದು ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಕೀಗೊಂಚಲಿನ ಜೊತೆ ಜೇಬಿಗೆ ಹಾಕಬೇಡಿ, ಶಾರ್ಟ್ ಆಗುತ್ತದೆ. ಟಾರ್ಚನ್ನು ಬ್ಯಾಗಿಗೆ ಹಾಕುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿ. ಹೆಚ್ಚಿನ ಟಾರ್ಚುಗಳಲ್ಲಿ ಅಷ್ಟಕ್ಕೇ ಕರೆಂಟು ಕಡಿಯುತ್ತದೆ, ಬಟನ್ ಒತ್ತಿಹೋದರೂ ಹೊತ್ತಿಕೊಳ್ಳುವುದಿಲ್ಲ. ಗಲ್ಫಿನಲ್ಲಿರುವ ಭಾವನೋ ಅಣ್ಣನೋ ತಂದುಕೊಡುವುದಾದರೆ, ಬಿಡಿ ಸೆಲ್‌ಗಳನ್ನು ಕೈಚೀಲದಲ್ಲೇ ತರಲು ಹೇಳಿ. ಚೆಕ್-ಇನ್ ಲಗೇಜಿನಲ್ಲಿ ಅವನ್ನು ಬಿಡುವುದಿಲ್ಲ.